ನಲವತ್ತೊಂದು ಜನರ ಪೊಟ್ಯಾಷಿಯಂ

ಶಿಬಿರದ ದಿನ ನನ್ನ ಮುಂದೆ ಮೊದಲು ಕೈಚಾಚಿದವಳು ಚಾ ಅಂಗಡಿಯ ಅಕ್ಕ. ಅರಬೈಲ್ ಘಟ್ಟದ ಒಂದು ತಿರುವಿನಲ್ಲಿ ಲಾರಿಯವರಿಗೆ ಚಾ, ಬಾಳೆಹಣ್ಣಿನ ಬನ್ಸು ಮಾಡಿಕೊಡುವ ಹೆಂಗಸು. ವಯಸ್ಸು ಐವತ್ತರ ಆಸುಪಾಸು. ಗಂಡ ತೀರಿಹೋದ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು, ತುಂಬಿದ ಕೊಡಪಾನವನ್ನು ಒಂದೇ ಕೈಯಲ್ಲಿ ಎತ್ತುವವಳು. ರಬ್ಬರ್ ಪಟ್ಟಿ ಬಿಗಿದ ಕೂಡಲೇ ರಕ್ತನಾಳ ಎದ್ದು ನಿಂತಿತು. ಇಂಥ ಕೈ ಸಿಕ್ಕರೆ ನಮಗೆ ಹಬ್ಬ.

ಫಾರ್ಮಿನಲ್ಲಿ ‘ತೊಂದರೆ’ ಎಂಬ ಕಾಲಂ ಇತ್ತು. “ಅಕ್ಕಾ, ಏನರ ತ್ರಾಸ ಐತೇನ್ರಿ?” ಎಂದು ಕೇಳಿದೆ. ನಾನು ಬನವಾಸಿ ಕಡೆಯವಳು. ಶಿರಸಿಯಲ್ಲಿ ಎಷ್ಟು ವರ್ಷವಿದ್ದರೂ ಮಾತು ಬದಲಾಗಿಲ್ಲ.

“ತ್ರಾಸು ಎಂತದೂ ಇಲ್ಲ ತಂಗಿ. ಪುಕ್ಕಟೆ ಅಂದ್ರು, ಬಂದೆ. ಒಳಗೆ ಎಂತಾರು ಇದ್ರೆ ಗೊತ್ತಾಗ್ತದಲ್ಲ.”

“ಕೈ ತೋರಿಸಿ ಅವಲಕ್ಷಣ ಅನ್ನಿಸ್ಕೊಳ್ಳೂದಂದ್ರ ಇದ ನೋಡ್ರಿ,” ಎಂದೆ. ಅವಳು ಶಿಬಿರ ನಡೆದಿದ್ದ ಶಾಲೆಯ ಹಾಲ್ ಪೂರ್ತಿ ಕೇಳುವ ಹಾಗೆ ನಕ್ಕಳು. ನನ್ನ ಬಾಯಿ ಯಾವಾಗಲೂ ಸ್ವಲ್ಪ ಮುಂದು.

ನಾನು ಆಗ ಶಿರಸಿಯ ಒಂದು ಡಯಾಗ್ನಾಸ್ಟಿಕ್ ಸೆಂಟರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಘಟ್ಟದಾಚೆಯ ದೊಡ್ಡ ಊರಿನ ಒಂದು ಆಸ್ಪತ್ರೆಯ ಜೊತೆ ಸೇರಿ ಸೆಂಟರಿನವರು ಹಳ್ಳಿಗಳಲ್ಲಿ ಶಿಬಿರ ಮಾಡುತ್ತಿದ್ದರು. ಅರವತ್ತೆರಡು ಪರೀಕ್ಷೆಗಳ ಪ್ಯಾಕೇಜು, ಶಿಬಿರದ ದಿನ ಪುಕ್ಕಟೆ. ಹುಡುಕುವುದು ಪುಕ್ಕಟೆ, ಸಿಕ್ಕಿದ್ದಕ್ಕೆ ಆಮೇಲೆ ದುಡ್ಡು. ಅರವತ್ತೆರಡು ಹುಡುಕಿದರೆ ಎಂಥ ಗಟ್ಟಿ ಆಳಿನಲ್ಲೂ ಒಂದಾದರೂ ಹೆಚ್ಚುಕಡಿಮೆ ಬಂದೇ ಬರುತ್ತದೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಸಂಬಳ ತೆಗೆದುಕೊಳ್ಳುವವರು ಅದನ್ನು ಬಾಯಿಬಿಟ್ಟು ಆಡುವುದಿಲ್ಲ.

ಆ ಭಾನುವಾರ ನಲವತ್ತೊಂದು ಜನರ ರಕ್ತ ತೆಗೆದೆ. ಒಬ್ಬರದ್ದೂ ಒಂದು ದೂರಿಲ್ಲ. ಮಧ್ಯಾಹ್ನ ಹೊರಟೆವು. ಘಟ್ಟದಲ್ಲಿ ಒಂದು ಟ್ಯಾಂಕರ್ ರಸ್ತೆಗೆ ಅಡ್ಡ ನಿಂತುಬಿಟ್ಟಿತ್ತು. ಏಪ್ರಿಲ್ ಬಿಸಿಲು. ಒಂದು ತಾಸು, ಎರಡು ತಾಸು, ಮೂರು ತಾಸು. ರಕ್ತದ ಟ್ಯೂಬುಗಳಿದ್ದ ನನ್ನ ಡಬ್ಬಿಯ ಐಸ್‌ಪ್ಯಾಕುಗಳು ಕರಗಿ ನೀರಾಗಿದ್ದವು. ನಮ್ಮ ಹಿಂದೆಯೇ ಅಂಕೋಲೆಯಿಂದ ಬಂದ ಮೀನಿನ ಟೆಂಪೊ ನಿಂತಿತ್ತು. ಇಳಿದು ಹೋಗಿ, “ಅಣ್ಣಾ, ಒಂದ್ ನಾಕ್ ಬೊಗಸಿ ಐಸ್ ಕೊಡ್ರಿ,” ಎಂದೆ.

“ಎಂತಕ್ಕೆ? ಮೀನು ಬೇಡ್ವಾ?”

“ರಕ್ತಕ್ಕ,” ಎಂದೆ.

ಅವನು ನನ್ನ ಮುಖ ನೋಡಿದ. ಒಂದು ಚೀಲ ಐಸು ಸುರಿದುಕೊಟ್ಟು, ಗಾಜು ಏರಿಸಿ ಆ ಕಡೆ ತಿರುಗಿ ಕೂತ.

ಟ್ಯೂಬುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆ ಐಸಿನೊಳಗೆ ಹುಗಿದೆ. ತಂಪಿನಲ್ಲಿ ಹಾಲು ಕೆಡುವುದಿಲ್ಲ, ಮೀನು ಕೆಡುವುದಿಲ್ಲ, ಲಸಿಕೆ ಕೆಡುವುದಿಲ್ಲ. ರಕ್ತ ಮಾತ್ರ ಏಕೆ ಕೆಡಬೇಕು? ಇದು ನನ್ನ ಲೆಕ್ಕ. ತೆಗೆದ ರಕ್ತ ಅರ್ಧ ತಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಅದನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಗರಗರ ತಿರುಗಿಸಿದರೆ ಕೆಂಪು ಕಣಗಳು ಕೆಳಗೆ ಕೂತು, ಹಳದಿ ತಿಳಿ ಮೇಲೆ ನಿಲ್ಲುತ್ತದೆ. ಪರೀಕ್ಷೆ ಮಾಡುವುದು ಆ ತಿಳಿಯನ್ನು. ಹಳ್ಳಿಯಲ್ಲಿ ತಿರುಗಿಸುವ ಯಂತ್ರ ನಮ್ಮ ಜೊತೆ ಇರುತ್ತಿರಲಿಲ್ಲ. ಶಿರಸಿ ಮುಟ್ಟಿದಾಗ ಸೆಂಟರ್ ಮುಚ್ಚುವ ಹೊತ್ತು. ಡಬ್ಬಿಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋದೆ. ಜಾಣೆಯ ಕೆಲಸ ಮಾಡಿದೆ ಎಂದುಕೊಂಡೇ ಹೋದೆ.

ಸೋಮವಾರ ಬೆಳಿಗ್ಗೆ ಟ್ಯೂಬುಗಳನ್ನು ತಿರುಗಿಸಿದೆ. ತಿಳಿ ಚೊಕ್ಕಟವಾಗಿತ್ತು, ಎಲ್ಲಿಯೂ ಕೆಂಪು ಛಾಯೆ ಇಲ್ಲ. ಮಷಿನ್ನಿಗೆ ಹಾಕಿದೆ. ಪರದೆಯ ಮೇಲೆ ಪೊಟ್ಯಾಷಿಯಂ ಸಾಲು ಮೇಲಿನಿಂದ ಕೆಳತನಕ ಕೆಂಪು. ಏಳು ಪಾಯಿಂಟ್ ಎರಡು. ಏಳು ಪಾಯಿಂಟ್ ಆರು. ಚಾ ಅಂಗಡಿಯ ಅಕ್ಕನದು ಎಂಟು ಪಾಯಿಂಟ್ ಒಂದು.

ಪೊಟ್ಯಾಷಿಯಂ ರಕ್ತದಲ್ಲಿರುವ ಒಂದು ಲವಣ. ಮೂರೂವರೆಯಿಂದ ಐದರೊಳಗಿದ್ದರೆ ಸರಿ. ಆರು ದಾಟಿದರೆ ಎದೆಬಡಿತದ ತಾಳ ತಪ್ಪಬಹುದು. ಏಳು ದಾಟಿದರೆ ಯಾವ ಗಳಿಗೆಯಲ್ಲಾದರೂ ಎದೆ ನಿಲ್ಲಬಹುದು. ಎಂಟು ಎನ್ನುವುದನ್ನು ನಾನು ಅದಕ್ಕೂ ಮೊದಲು ನೋಡಿದ್ದು ಒಮ್ಮೆ ಮಾತ್ರ, ಕಿಡ್ನಿ ಹೋಗಿದ್ದ ಹೇರೂರು ಕಡೆಯ ಒಬ್ಬರದ್ದು. ವರದಿ ಪ್ರಿಂಟ್ ಆಗುವಷ್ಟರಲ್ಲಿ ಅವರ ಮನೆಯಿಂದ ಫೋನ್ ಬಂದಿತ್ತು, ಇನ್ನು ಬೇಡ ಅಂತ.

ಕಂಟ್ರೋಲ್ ಹಾಕಿದೆ. ಕಂಟ್ರೋಲ್ ಎಂದರೆ ಮೊದಲೇ ಗೊತ್ತಿರುವ ಅಂಕಿಯ ದ್ರಾವಣ, ಮಷಿನ್ ಸುಳ್ಳು ಹೇಳುತ್ತದೆಯೋ ಎಂದು ನೋಡುವುದಕ್ಕೆ. ಸರಿಯಾಗಿಯೇ ಬಂತು. ಎಲೆಕ್ಟ್ರೋಡ್ ತೊಳೆದು ಮತ್ತೆ ಎಲ್ಲವನ್ನೂ ಹಾಕಿದೆ. ಅದೇ ಅಂಕಿಗಳು. ಆ ಬೆಳಿಗ್ಗೆ ಸೆಂಟರಿಗೇ ನಡೆದು ಬಂದಿದ್ದ ಮೂವರ ರಕ್ತ ಹಾಕಿದೆ. ನಾಲ್ಕು ಪಾಯಿಂಟ್ ನಾಲ್ಕು, ಮೂರು ಪಾಯಿಂಟ್ ಒಂಬತ್ತು, ನಾಲ್ಕು. ಮಷಿನ್ನಿಗೆ ಏನೂ ಆಗಿರಲಿಲ್ಲ. ನಲವತ್ತೊಂದು ಜನರ ಕಿಡ್ನಿ ಪರೀಕ್ಷೆಯೂ ಸರಿಯಿತ್ತು. ಕಿಡ್ನಿ ಸರಿಯಿದ್ದು ಇದೊಂದು ಏರಿದ್ದು ಹೇಗೆ? ನನ್ನ ಕೈಯಲ್ಲಿದ್ದ ಕಾಗದದ ಪ್ರಕಾರ, ನಿನ್ನೆ ನನ್ನ ಜೊತೆ ನಗುತ್ತಾ ಕೂತಿದ್ದ ಒಂದು ಹಾಲ್ ತುಂಬ ಜನ ಸತ್ತಿರಬೇಕಿತ್ತು.

ಮ್ಯಾನೇಜರರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

“ಮಷಿನ್ ಸರಿ ಇದ್ಯಾ?”

“ಸರಿ ಐತ್ರಿ ಸರ್.”

“ಮತ್ತೆಂತಕ್ಕೆ ತಲೆ ಕೆಡಿಸ್ಕಳ್ತ್ರಿ ಮೇಡಂ? ಘಟ್ಟದ ನೀರಲ್ಲೇ ಎಂತಾರು ಇರ್ಬಹುದು. ಆಸ್ಪತ್ರೆಯವ್ರು ನೋಡ್ಕಳ್ತ್ರು. ನೀವು ಫೋನ್ ಮಾಡಿ ಹೇಳಿಬಿಡಿ.”

ಅಪಾಯದ ಅಂಕಿ ಬಂದರೆ ಪರೀಕ್ಷೆ ಮಾಡಿದವರೇ ಕೂಡಲೇ ಫೋನ್ ಮಾಡಿ ಹೇಳಬೇಕು, ಅದು ನಿಯಮ. ನಲವತ್ತೊಂದು ಫೋನ್ ಮಾಡಿದೆ. ಅಕ್ಕ ಎತ್ತಿಕೊಂಡಾಗ ಹಿಂದೆ ಎಣ್ಣೆ ಚುರುಗುಟ್ಟುವ ಸದ್ದು, ಯಾರೋ ಲಾರಿಯವರ ನಗು.

“ಎಂಟು ಪಾಯಿಂಟ್ ಒಂದು ಬಂದೈತ್ರಿ ಅಕ್ಕಾ.”

“ಅದು ಒಳ್ಳೇದಾ, ಕೆಟ್ಟದಾ?”

“ಎದಿಗೆ ಒಳ್ಳೇದಲ್ರಿ. ಭಾರ ಎತ್ತಬ್ಯಾಡ್ರಿ. ಬಾಳೆಹಣ್ಣು, ಎಳನೀರು ಮುಟ್ಟಬ್ಯಾಡ್ರಿ. ಡಾಕ್ಟ್ರು ಬರ್ತಾರ.”

ಸ್ವಲ್ಪ ಹೊತ್ತಿಗೆ ಸ್ಟೋವ್ ಆರಿಸಿದ ಸದ್ದು ಕೇಳಿಸಿತು.

ಎರಡು ದಿನದಲ್ಲಿ ಆಸ್ಪತ್ರೆಯ ತಂಡ ಅಲ್ಲಿಗೆ ಹೋಗಿ ಎಲ್ಲರ ಇಸಿಜಿ ತೆಗೆಯಿತು. ಒಂದರಲ್ಲೂ ತಪ್ಪಿಲ್ಲ. ‘ಇಸಿಜಿ ಸರಿಯಿದೆ ಅಂತ ನಂಬಿ ಕೂರೋ ಹಾಗಿಲ್ಲ’ ಎಂದರಂತೆ ಹೃದಯದ ಡಾಕ್ಟರು. ಪೊಟ್ಯಾಷಿಯಂ ಇಳಿಸಲು ನೀರಿನಲ್ಲಿ ಕದಡಿ ಕುಡಿಯುವ ಪುಡಿ ಮತ್ತು ಮೂತ್ರ ಹೋಗುವ ಮಾತ್ರೆ ಕೊಟ್ಟು ಬಂದರು.

ಮುಂದಿನ ಭಾನುವಾರ ಎರಡನೇ ಸಲ ರಕ್ತ ತೆಗೆಯಲು ನನ್ನನ್ನೇ ಕಳಿಸಿದರು. ಈ ಸಲ ಐಸು ಜಾಸ್ತಿ ಹಾಕಿಕೊಂಡು ಹೋಗಿ ಎಂದು ಮ್ಯಾನೇಜರರೇ ಹೇಳಿದರು.

ಬೆಳಿಗ್ಗೆ ಹತ್ತು ಗಂಟೆ, ಚೆನ್ನಾದ ಬಿಸಿಲು. ಜೀಪು ಇಳಿದವಳಿಗೆ ಊರು ಖಾಲಿಯಾಗಿದೆ ಅನ್ನಿಸಿತು. ಖಾಲಿಯಾಗಿರಲಿಲ್ಲ. ಎಲ್ಲರೂ ಜಗಲಿಯ ಮೇಲೆ ಕೂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಎದ್ದವರು ಗೋಡೆ ಹಿಡಿದು ಏಳುತ್ತಿದ್ದರು. ರಸ್ತೆಯ ಪಕ್ಕದ ಬಾಳೆಗಿಡಗಳಲ್ಲಿ ಗೊನೆ ಹಣ್ಣಾಗಿ ಸಿಪ್ಪೆ ಕಪ್ಪಾಗಿ ತೂಗುತ್ತಿತ್ತು, ಕಡಿಯುವವರಿಲ್ಲ. ಮಂಗಗಳು ನಮ್ಮನ್ನು ಕಂಡೂ ಓಡದೆ ತಿನ್ನುತ್ತಾ ಕೂತಿದ್ದವು. ಕೈತೊಳೆಯಲು ಒಂದು ಮನೆಯ ಬಚ್ಚಲಿಗೆ ಹೋದರೆ ಬಾಗಿಲಿನ ಚಿಲಕವನ್ನೇ ಕಿತ್ತಿದ್ದರು. ಕೇಳಿದರೆ, ಒಳಗೆ ಬಿದ್ದರೆ ಎಳೆದುಕೊಳ್ಳುವುದಕ್ಕೆ ಬೇಕಲ್ಲ ಎಂದರು. ಊರಿನಲ್ಲೆಲ್ಲ ಹಾಗೆಯೇ ಮಾಡಿದ್ದರಂತೆ.

ಶಾಲೆಯ ಹಾಲ್‌ನಲ್ಲಿ ಸಾಲಾಗಿ ಕೂತವರು ಒಬ್ಬರನ್ನೊಬ್ಬರು ಅಂಕಿಯಿಂದ ಗುರುತಿಸುತ್ತಿದ್ದರು. “ಇವ್ರದ್ದು ಏಳೂವರೆ. ಇವ್ರದ್ದು ಏಳು ಎಂಟು. ಇವ್ರನ್ನ ಮುಂದೆ ಕಳ್ಸಿ,” ಎನ್ನುತ್ತಿದ್ದರು. ಹೆಚ್ಚಿನ ಅಂಕಿಯವರಿಗೆ ದಾರಿ ಬಿಡುತ್ತಿದ್ದರು. ನಾನು ಫೋನಿನಲ್ಲಿ ಹೇಳಿದ ಅಂಕಿಗಳೇ ಅವು.

ಅಕ್ಕನನ್ನು ಇಬ್ಬರು ಹಿಡಿದುಕೊಂಡು ಬಂದು ಕೂರಿಸಿದರು. ಅಂಗಡಿ ಮುಚ್ಚಿ ಆರು ದಿನವಾಗಿತ್ತು. ಬಲಗೈ ಬೆರಳುಗಳು ಎಡಗೈ ಮಣಿಕಟ್ಟಿನ ಮೇಲಿದ್ದವು. ಮಾತಾಡುವಾಗಲೂ ಅವು ಅಲ್ಲಿಂದ ಏಳಲಿಲ್ಲ.

“ಕಾಲಲ್ಲಿ ಬಲ ಇಲ್ಲ ತಂಗಿ. ಮೊದ್ಲು ಎಂತದೂ ಇರ್ಲಿಲ್ಲ. ನೀ ಹೇಳಿದ್ಮೇಲೆ ಶುರುವಾಯ್ತು,” ಎಂದಳು. “ನಿನ್ನೆ ಆಸ್ಪತ್ರೆಯವ್ರು ಮತ್ತೆ ಬಂದು ತೆಗೆದ ಇಸಿಜಿಯಲ್ಲಿ ಎಂತದೋ ಸಣ್ಣ ವ್ಯತ್ಯಾಸ ಬಂದದೆ ಅಂತೆ. ಮಂಗಳವಾರ ಆಸ್ಪತ್ರೆಗೆ ಕರ್ಕಂಡು ಹೋಗ್ತಾರಂತೆ. ಐಸಿಯು.”

ಹೋದ ವಾರ ಹಗ್ಗದಂತೆ ಎದ್ದಿದ್ದ ರಕ್ತನಾಳವನ್ನು ಈ ಸಲ ಹುಡುಕಬೇಕಾಯಿತು. ಸೂಜಿ ತೆಗೆದಾಗ ಅವಳು ನನ್ನನ್ನೇ ನೋಡುತ್ತಾ ಕೇಳಿದಳು.

“ನಿಂದೆಷ್ಟು?”

“ಏನ್ರಿ ಅಕ್ಕಾ?”

“ಎಲ್ಲರದ್ದೂ ತಗೀತೆ. ನಿಂದೆಷ್ಟದೆ? ನಿಂದೂ ತಗಿ. ನಂಗೊಂದು ಜೊತೆ ಆಗ್ತದೆ.”

ಅವಳನ್ನು ಸ್ವಲ್ಪ ನಗಿಸೋಣ ಎಂದು ತೋಳಿಗೆ ಪಟ್ಟಿ ಕಟ್ಟಿ, ಹಲ್ಲಿನಲ್ಲಿ ಎಳೆದು, ನನ್ನ ರಕ್ತವನ್ನು ನಾನೇ ತೆಗೆದೆ. ನಲವತ್ತೆರಡು ಎಂದು ಚೀಟಿ ಅಂಟಿಸಿದೆ. ಅವಳು ನಗಲಿಲ್ಲ.

ಡಬ್ಬಿ ಆ ರಾತ್ರಿಯೂ ಫ್ರಿಜ್ಜಿನಲ್ಲಿತ್ತು. ಸೋಮವಾರ ಬೆಳಿಗ್ಗೆ ತಿರುಗಿಸಿ ಹಾಕಿದಾಗ ಪರದೆ ಮತ್ತೆ ಕೆಂಪಾಯಿತು. ಆದರೆ ಅಂಕಿಗಳು ಎಲ್ಲರದ್ದೂ ಸ್ವಲ್ಪ ಇಳಿದಿದ್ದವು. ಅಕ್ಕನದು ಏಳು. ಮ್ಯಾನೇಜರರು ಹಿಂದೆ ನಿಂತು, “ನೋಡಿದ್ರಾ, ಪುಡಿ ಕೆಲ್ಸ ಮಾಡ್ತಿದೆ,” ಎಂದು ಹೋದರು. ಕೊನೆಯ ಸಾಲು ಬಂತು. ನಲವತ್ತೆರಡು. ಏಳು ಪಾಯಿಂಟ್ ಒಂಬತ್ತು.

ನಾನು ಸ್ಟೂಲಿನ ಮೇಲೆ ಕೂತೆ. ಆಗ ಆದದ್ದನ್ನು ಮುಚ್ಚಿಡುವುದಿಲ್ಲ. ಬೆರಳ ತುದಿಗಳು ಜುಮುಗುಟ್ಟತೊಡಗಿದವು. ನಾಲಿಗೆ ದಪ್ಪವಾದ ಹಾಗೆ. ಎದೆ ಒಂದು ಬಡಿತ ಬಿಟ್ಟು ಹೊಡೆಯಿತು ಅನ್ನಿಸಿತು. ಶಾಲೆ ಬಿಡುವ ಹೊತ್ತಿಗೆ ಮಗಳನ್ನು ಕರೆತರಲು ಯಾರು ಹೋಗುತ್ತಾರೆ ಎಂದು ಯೋಚಿಸಿದೆ. ನೋಡಿದರೆ ನನ್ನ ಬೆರಳುಗಳೂ ನನ್ನದೇ ಮಣಿಕಟ್ಟಿನ ಮೇಲಿದ್ದವು. ಯಾವಾಗ ಹೋದವೋ ಗೊತ್ತಿಲ್ಲ.

ಆಮೇಲೆ ಸಿಟ್ಟು ಬಂತು. ಥೂ, ನಿನ್ನೆ ಅಷ್ಟು ದೊಡ್ಡ ಡಬ್ಬಿ ಹೊತ್ತು ಓಡಾಡಿದವಳು, ಬೆಳಿಗ್ಗೆ ಎರಡು ರೊಟ್ಟಿ ತಿಂದು ಬಂದವಳು, ನಾನು ಸಾಯುವವಳೇನೇ? ಮತ್ತೆ ಪಟ್ಟಿ ಕಟ್ಟಿದೆ. ಹೊಸ ರಕ್ತ ತೆಗೆದೆ. ಹೆಪ್ಪುಗಟ್ಟುವ ಅರ್ಧ ತಾಸು ಟ್ಯೂಬಿನ ಎದುರೇ ಕೂತೆ. ತಿರುಗಿಸಿ, ಕೂಡಲೇ ಹಾಕಿದೆ. ನಾಲ್ಕು ಪಾಯಿಂಟ್ ಒಂದು.

ಒಬ್ಬಳೇ ಹೆಂಗಸು, ಒಂದೇ ಮಷಿನ್, ಎರಡು ಅಂಕಿ. ನನಗೆ ಕೆಲಸ ಕಲಿಸಿದ ಮೇಷ್ಟ್ರು ಹಾವೇರಿಯಲ್ಲಿದ್ದಾರೆ, ಅವರಿಗೆ ಫೋನ್ ಮಾಡಿದೆ. ಐಸಿನ ಕತೆಯನ್ನು ಅವರು ಪೂರ್ತಿ ಕೇಳಿದರು.

“ತಿರುಗಿಸದ ರಕ್ತಾನ ಇಡೀ ರಾತ್ರಿ ತಂಪಿನ್ಯಾಗ ಇಟ್ಟಿಯೇನವಾ? ಪೊಟ್ಯಾಷಿಯಂ ಇರೂದ ಕಣದೊಳಗ. ಬೆಚ್ಚಗಿದ್ರ ಕಣ ಅದನ್ನ ಹಿಡದಿಟ್ಕೊಂಡಿರತೈತಿ. ತಣ್ಣಗಾದ್ರ ಹಿಡಿತ ಬಿಡತೈತಿ, ತಿಳಿಯೊಳಗ ಸೋರತೈತಿ. ಕಣ್ಣಿಗೆ ಏನೂ ಕಾಣೂದಿಲ್ಲ. ಕಲಿಸಿದ್ದೆ ನಿಮಗ. ಮರತಿ.”

ಮರೆತಿದ್ದೆ. ಫೋನ್ ಇಟ್ಟ ಮೇಲೆ ಇನ್ನೊಂದು ವಿಷಯ ಹೊಳೆಯಿತು, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಐಸಿನಲ್ಲಿ ನನ್ನ ನಾಲ್ಕು ಏಳೂ ಮುಕ್ಕಾಲು ದಾಟಿತ್ತು. ಅದೇ ಐಸಿನಲ್ಲಿದ್ದ ಅಕ್ಕನದು ಬರೀ ಏಳು. ಹಾಗಾದರೆ ಅವಳ ಮೈಯಲ್ಲಿ ನಿಜವಾಗಿ ಇರುವುದೆಷ್ಟು? ಮೂರು, ಅಥವಾ ಇನ್ನೂ ಕಡಿಮೆ. ಸರಿಯಿದ್ದ ರಕ್ತದಿಂದ ಪುಡಿ ಮತ್ತು ಮಾತ್ರೆ ಪೊಟ್ಯಾಷಿಯಂ ಹಿಂಡಿ ತೆಗೆದಿದ್ದವು. ಕಾಲಿನ ಬಲ ಹೋದದ್ದು ಅದಕ್ಕೆ, ಇಸಿಜಿ ಬದಲಾದದ್ದು ಅದಕ್ಕೆ. ಪೊಟ್ಯಾಷಿಯಂ ಹೆಚ್ಚಾದರಷ್ಟೇ ಅಲ್ಲ, ತೀರಾ ಇಳಿದರೂ ಎದೆ ನಿಲ್ಲುತ್ತದೆ. ನಾಳೆ ಐಸಿಯುನಲ್ಲಿ ನನ್ನ ವರದಿ ನಂಬಿ ಅದನ್ನು ಇನ್ನಷ್ಟು ಇಳಿಸುವ ಔಷಧಿ ಏರಿಸಿದರೆ ಅವಳು ಉಳಿಯುವುದಿಲ್ಲ.

ಮ್ಯಾನೇಜರರ ಬಳಿ ಹೋಗಿ ಎಲ್ಲ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿದರು.

“ಮೇಡಂ, ನಾನು ಹೇಳೋದು ಕೇಳಿ. ಮುಂದಿನ ಸಲ ಸರಿಯಾಗಿ ತಿರುಗಿಸಿ ತನ್ನಿ. ಎಲ್ಲರದ್ದೂ ನಾರ್ಮಲ್ ಬರ್ತದೆ. ಔಷಧಿಯಿಂದ ಗುಣ ಆಯ್ತು ಅಂತ ಆಗ್ತದೆ. ಜನರಿಗೂ ಖುಷಿ, ಆಸ್ಪತ್ರೆಗೂ ಹೆಸರು.”

“ಮುಂದಿನ ಸಲದ ತನಕ ಆ ಅಕ್ಕ ಇರೂದಿಲ್ರಿ.”

“ದೊಡ್ಡ ಡಾಕ್ಟ್ರಿದ್ದಾರೆ. ಅವರೇ ಇನ್ನೊಮ್ಮೆ ಟೆಸ್ಟ್ ಮಾಡ್ಕಳ್ತ್ರು.”

ಮಾಡಿಕೊಳ್ಳಬಹುದು, ಮಾಡದೆಯೂ ಇರಬಹುದು. ಎರಡು ಸಲ ಕೆಂಪು ಅಕ್ಷರದಲ್ಲಿ ಬರೆದು ಕಳಿಸಿದವಳು ನಾನೇ. ಆಸ್ಪತ್ರೆಯ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ. ಮ್ಯಾನೇಜರರ ಮೂಲಕ ಬನ್ನಿ ಎಂದು ಇಟ್ಟರು. ಹಿಂದಿನ ಕೋಣೆಯಲ್ಲಿ ಹಳೆಯ ಸಣ್ಣ ಸೆಂಟ್ರಿಫ್ಯೂಜ್ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಯಾರನ್ನೂ ಕೇಳಲಿಲ್ಲ. ಮಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಯಲ್ಲಾಪುರದ ಬಸ್ಸು ಹತ್ತಿದೆ, ಅಲ್ಲಿಂದ ಘಟ್ಟದ ಬಸ್ಸು.

ಅಕ್ಕ ಚಾಪೆಯ ಮೇಲೆ ಮಲಗಿದ್ದಳು. ಯಾಕೆ ಬಂದೆ ಎಂದು ಕೇಳಲಿಲ್ಲ. ನನ್ನನ್ನು ಕಂಡದ್ದೇ ಕೈಯನ್ನು ತಾನಾಗಿ ಚಾಚಿದಳು. ಅದನ್ನು ನೋಡಿ ನನಗೆ ಅಳು ಬಂತು. ರಕ್ತ ತೆಗೆದು, ಅರ್ಧ ತಾಸು ಕಾದು, ಅವಳ ಮಿಕ್ಸರಿನ ಪ್ಲಗ್ಗಿಗೆ ಯಂತ್ರ ಹಾಕಿ ತಿರುಗಿಸಿದೆ. ತಿಳಿಯನ್ನು ಬೇರೆ ಟ್ಯೂಬಿಗೆ ಬಗ್ಗಿಸಿಕೊಂಡೆ. “ಪುಡಿ ಕುಡೀಬ್ಯಾಡ್ರಿ, ಮಾತ್ರಿ ನುಂಗಬ್ಯಾಡ್ರಿ, ನಾನು ಬರೂತನಕ ಎಲ್ಲೂ ಹೋಗಬ್ಯಾಡ್ರಿ,” ಎಂದೆ. ಅವಳು ಸೂರು ನೋಡುತ್ತಿದ್ದಳು. ಯಲ್ಲಾಪುರದ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಜೊತೆ ಓದಿದವಳಿದ್ದಾಳೆ. ಅವಳು ಮುಚ್ಚಿದ್ದ ಮಷಿನ್ ಮತ್ತೆ ಚಾಲೂ ಮಾಡಿ ಹಾಕಿಕೊಟ್ಟಳು. ಎರಡು ಪಾಯಿಂಟ್ ಎಂಟು.

ತಾಲೂಕು ಆಸ್ಪತ್ರೆಯ ಡಾಕ್ಟರು ಮನೆಗೆ ಹೊರಟಿದ್ದರು. ನಿಲ್ಲಿಸಿ ಕಾಗದ ತೋರಿಸಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈ ತಪ್ಪು ನಿಮ್ಮದು ಅಂತ ಬರೆದು ಸಹಿ ಮಾಡ್ತೀರಾ?” ಎಂದು ಕೇಳಿದರು. ಅಲ್ಲಿಯೇ ನಿಂತು ಬರೆದುಕೊಟ್ಟೆ. ಬೆಳಿಗ್ಗೆ ಅವಳನ್ನು ಇಲ್ಲಿಗೇ ಕರೆತನ್ನಿ ಎಂದರು. ಆ ರಾತ್ರಿ ಗೆಳತಿಯ ಮನೆಯಲ್ಲಿ ಉಳಿದೆ.

ಮಂಗಳವಾರ ಮೊದಲ ಬಸ್ಸಿಗೆ ಹೋದರೂ ಆಂಬ್ಯುಲೆನ್ಸ್ ನನಗಿಂತ ಮೊದಲು ಬಂದಿತ್ತು. ಅಕ್ಕ ಒಳಗೆ ಕೂತಾಗಿತ್ತು, ತೊಡೆಯ ಮೇಲೆ ಬಟ್ಟೆಯ ಚೀಲ. ಊರಿನವರು ಸುತ್ತ ನಿಂತಿದ್ದರು. ನಾನು ಬಾಗಿಲು ಹಿಡಿದುಕೊಂಡೆ.

“ಇಳೀರಿ ಅಕ್ಕಾ. ನಿಮಗ ಏನೂ ಆಗಿರಲಿಲ್ಲ. ನನ್ನ ರಕ್ತಾನೂ ಹಂಗ ತೋರಿಸ್ತು. ಐಸಿನ್ಯಾಗ ಇಟ್ಟದ್ದು ತಪ್ಪಾತು. ತಪ್ಪು ನಂದು.”

“ಫೋನ್ ಮಾಡಿ ಹೇಳಿದ್ದು ನೀನೇ ಅಲ್ವೆ?”

“ನಾನ ರಿ.”

“ಹಂಗಾರೆ ಈ ಕಾಲು ಎಂತಕ್ಕೆ ಎತ್ತೂಕೆ ಬರ್ತಿಲ್ಲ?”

“ಅದು ಪುಡೀದು. ಇಲ್ಲದ ರೋಗಕ್ಕ ಕೊಟ್ಟ ಪುಡಿ, ಇದ್ದದ್ದನ್ನ ತಿಂದುಬಿಟ್ಟೈತಿ.”

ಗುಂಪಿನಲ್ಲಿ ಯಾರೋ ನನ್ನನ್ನು ಬೈದರು. ಬೈಯಬೇಕಾದದ್ದೇ. ಡ್ರೈವರ್ ಹಾರ್ನ್ ಹಾಕಿದ. ಅಕ್ಕ ಎರಡೂ ಕೈ ನನ್ನ ಹೆಗಲ ಮೇಲಿಟ್ಟು, ಒಂದೊಂದೇ ಕಾಲು ಕೆಳಗಿಳಿಸಿದಳು. ಯಲ್ಲಾಪುರದ ಆಸ್ಪತ್ರೆಯಲ್ಲಿ ಪೊಟ್ಯಾಷಿಯಂ ಸಿರಪ್ಪು ಕೊಟ್ಟರು. ಐದು ದಿನಕ್ಕೆ ಅವಳದು ನಾಲ್ಕಕ್ಕೆ ಬಂತು. ಉಳಿದ ನಲವತ್ತು ಜನರನ್ನೂ ಅದೇ ಡಾಕ್ಟರು ಕರೆಸಿ ನೋಡಿದರು. ಎಲ್ಲರೂ ಉಳಿದರು. ಸೆಂಟರಿನವರು ನನಗೆ ಮನೆಯ ದಾರಿ ತೋರಿಸಿದರು, ಅದರಲ್ಲಿ ನನ್ನ ತಕರಾರಿಲ್ಲ.

ಈಗ ಸಿದ್ದಾಪುರದ ಒಂದು ಸಣ್ಣ ದವಾಖಾನೆಯಲ್ಲಿದ್ದೇನೆ. ಡಾಕ್ಟರು ಬೇಕೆಂದು ಬರೆದ ಪರೀಕ್ಷೆ ಮಾತ್ರ ಮಾಡುತ್ತೇನೆ. ಸೇರಿದ ಎರಡನೇ ತಿಂಗಳು ಅಕ್ಕ ಬಂದಳು, ಮೂರು ಬಸ್ಸು ಬದಲಿಸಿ, ಬರೀ ಹೊಟ್ಟೆಯಲ್ಲಿ. ರಕ್ತ ನೋಡು ಎಂದಳು. ಋಣವಿತ್ತು, ನೋಡಿದೆ. ನಾಲ್ಕು ಪಾಯಿಂಟ್ ಎರಡು. ಮುಂದಿನ ತಿಂಗಳು ಮತ್ತೆ ಬಂದಳು. ನಾಲ್ಕು ಪಾಯಿಂಟ್ ಮೂರು. ಅಂಗಡಿ ತೆರೆದಿದ್ದೇನೆ, ಕಾಲು ಗಟ್ಟಿಯಾಗಿದೆ ಎಂದಳು.

ಮೂರನೇ ಸಲ ಬಂದಾಗ ನಾನು ಪಟ್ಟಿ ಕಟ್ಟಲಿಲ್ಲ.

“ಸಾಕು ಅಕ್ಕಾ. ನಿಮಗ ರೋಗ ಇಲ್ಲ. ಆವಾಗೂ ಇರಲಿಲ್ಲ.”

“ಅದು ನಂಗೂ ಗೊತ್ತದೆ ತಂಗಿ,” ಎಂದಳು. ಸಿಟ್ಟಿರಲಿಲ್ಲ, ಮೆಲ್ಲಗೇ ಹೇಳಿದಳು. “ಐವತ್ತು ವರ್ಷ ನನ್ನ ಎದೆ ಬಡ್ಕಂಡದ್ದು ನಂಗೆ ಒಂದು ದಿನ ಕೇಳಿರ್ಲಿಲ್ಲ. ನೀ ಫೋನ್ ಮಾಡಿದ ದಿನದಿಂದ ಕೇಳ್ತದೆ. ಬನ್ಸ್ ತಟ್ಟುವಾಗ್ಲೂ ಕೇಳ್ತದೆ, ಲಾರಿ ಹೋಗುವಾಗ್ಲೂ ಕೇಳ್ತದೆ. ಈಗ ನಿಲ್ತದೋ, ಇನ್ನೊಂದು ಬರ್ತದೋ ಅಂತ ಕಾಯ್ತಾ ಕೂರ್ತೆ. ರಕ್ತ ನೋಡೂದು ಬೇಡ. ಅದು ಮೊದಲಿನ ಹಾಗೆ ಕೇಳದೆ ಇರೂ ಹಾಗೆ ಮಾಡಿಕೊಡು.”

ನನ್ನ ಮೇಜಿನ ಮೇಲೆ ಅದಕ್ಕಾಗುವಂಥದ್ದು ಏನೂ ಇರಲಿಲ್ಲ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.